ಖಾಡಿಯ ಕೆಸರಿನಲ್ಲಿ ಪೈಲ್ ಹಾಕುವಾಗ ಪೂರ್ತಿ ಉದ್ದಕ್ಕೂ ಉಕ್ಕಿನ ಲೈನರ್ ಬೇಕೇ?

ವಾಶಿ ಸೊಸೈಟಿ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ಖಾಡಿಗೆ (ಒಳನಾಡಿಗೆ ಚಾಚಿದ ಸಮುದ್ರದ ನೀರಿಗೆ) ಹತ್ತಿರವಿರುವ ನಮ್ಮ ಸೊಸೈಟಿಯ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಿಸುತ್ತಿದ್ದೇವೆ. ಮಣ್ಣಿನ ವರದಿಯ ಪ್ರಕಾರ ಮೇಲಿನ 2 ಮೀಟರ್ ಭರಾವು (ತಂದು ತುಂಬಿದ ಮಣ್ಣು), ಅದರ ಕೆಳಗೆ 11 ಮೀಟರ್ ಆಳದವರೆಗೆ ಕಡುಬೂದು ಬಣ್ಣದ ಮೆತ್ತನೆಯ ಕಡಲ ಜೇಡಿ, ಅಲ್ಲಿಂದ 13 ಮೀಟರ್‌ವರೆಗೆ ಹಳದಿ ಮೊರಂ (ಶಿಥಿಲ ಕಲ್ಲಿನ ಗಟ್ಟಿ ಮಣ್ಣು), ಆಮೇಲೆ ಕರಿಕಲ್ಲು. 600 ಮಿಲಿಮೀಟರ್ ವ್ಯಾಸದ, ಸುಮಾರು 15 ಮೀಟರ್ ಉದ್ದದ 60 ಪೈಲುಗಳನ್ನು (ನೆಲದಾಳಕ್ಕೆ ಇಳಿಯುವ ಪಾಯದ ಕಂಬಗಳನ್ನು) ಬೋರ್ ಕೊರೆದು ಎರಕ ಹೊಯ್ಯಬೇಕು. ಟೆಂಡರಿನಲ್ಲಿ ಬೆಂಟೊನೈಟ್ (ಬೋರಿನ ಗೋಡೆ ಕುಸಿಯದಂತೆ ತುಂಬುವ ಜೇಡಿ ದ್ರಾವಣ) ಮಾತ್ರ ಇತ್ತು. ಮೊದಲ ಪೈಲನ್ನು ಹಾಗೆಯೇ ಮಾಡಿದರು. ಲೆಕ್ಕಕ್ಕೆ 4.24 ಘನಮೀಟರ್ ಹಿಡಿಯಬೇಕಾದ ಪೈಲು 5.5 ಘನಮೀಟರ್ ಕಾಂಕ್ರೀಟ್ ನುಂಗಿತು. ಈಗ ಗುತ್ತಿಗೆದಾರರು 6 ಮಿಲಿಮೀಟರ್ ದಪ್ಪದ ಉಕ್ಕಿನ ಕಾಯಂ ಲೈನರನ್ನು (ಬೋರಿನಲ್ಲೇ ಉಳಿಯುವ ಕೊಳವೆಯನ್ನು) ಪೂರ್ತಿ 15 ಮೀಟರಿಗೂ ಹಾಕಬೇಕೆಂದು ಪಟ್ಟು ಹಿಡಿದಿದ್ದಾರೆ, ಅದರ ಹಣ ಬೇರೆ.

ಸಮಿತಿಯಲ್ಲಿ ಅರ್ಧ ಜನ ಇದು ಹಣ ಕೀಳುವ ಉಪಾಯ ಎನ್ನುತ್ತಾರೆ. ಒಬ್ಬ ಹಿರಿಯರು ಬಡಿದು ಇಳಿಸುವ ಸಿದ್ಧ ಪೈಲುಗಳೇ ಅಗ್ಗ ಎನ್ನುತ್ತಾರೆ. ಜೇಡಿಮಣ್ಣಿನ ಯಾವ ಗುಣ ಇದನ್ನು ನಿರ್ಧರಿಸುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಮುಲುಂಡ್ ಖಜಾಂಚಿ
ಟೆಂಡರ್ ತುಂಬುವಾಗ ಮಣ್ಣಿನ ವರದಿ ಅವರ ಕೈಯಲ್ಲೇ ಇತ್ತಲ್ಲವೇ? ಆಗ ಕಾಣದ ಲೈನರ್ ಈಗ ಹೇಗೆ ಕಂಡಿತು? ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಡೊಂಬಿವಲಿ ಪೈಲಿಂಗ್
ಖಜಾಂಚಿಯವರೇ, ನಾನೂ ಇದೇ ಕೆಲಸದಲ್ಲಿರುವವನು, ಆದ್ದರಿಂದ ಹೇಳುತ್ತೇನೆ. ಎಷ್ಟೋ ವರದಿಗಳಲ್ಲಿ ಈ ಜೇಡಿ ಪದರದ ಎದುರು ಎನ್ ಮೌಲ್ಯ (ಪರೀಕ್ಷೆಯ ಕೊಳವೆಯನ್ನು 30 ಸೆಂಟಿಮೀಟರ್ ಇಳಿಸಲು ಬೇಕಾದ ಸುತ್ತಿಗೆ ಏಟುಗಳ ಸಂಖ್ಯೆ) 1 ಅಥವಾ 2 ಎಂದು ಬರೆದು ಮುಗಿಸಿರುತ್ತಾರೆ. ಅದನ್ನು ನೋಡಿ ಬೋರ್ ನಿಲ್ಲುತ್ತದೆಯೋ ಕುಸಿಯುತ್ತದೆಯೋ ಎಂದು ಯಾರೂ ಹೇಳಲಾರರು. ಮೊದಲ ಪೈಲು 30 ಶೇಕಡಾ ಹೆಚ್ಚು ಕಾಂಕ್ರೀಟ್ ತಿಂದಿದೆ ಎಂದರೆ ಮಣ್ಣು ತನ್ನ ಸ್ವಭಾವವನ್ನು ಆಗಲೇ ತೋರಿಸಿದೆ.

ಠಾಣೆ ಮಣ್ಣು ಪರೀಕ್ಷೆ
ಎನ್ ಮೌಲ್ಯದ ವಿಷಯದಲ್ಲಿ ಡೊಂಬಿವಲಿಯವರ ಮಾತು ಸರಿ. ಖಾಡಿ ಅಂಚಿನ ಜೇಡಿಯಲ್ಲಿ ಸುತ್ತಿಗೆ ಎತ್ತುವ ಮೊದಲೇ ಕೊಳವೆ ತನ್ನ ಭಾರಕ್ಕೇ ಇಳಿದುಹೋಗುವುದುಂಟು, ಅಂಥಲ್ಲಿ 0, 1, 2 ಎಂಬ ಅಂಕಿಗಳಿಗೆ ಅರ್ಥವಿಲ್ಲ. ಅಲ್ಲಿ ಬೇಕಾದದ್ದು ಭಾರತೀಯ ಮಾನಕ ಐಎಸ್ 4434ರ ವೇನ್ ಪರೀಕ್ಷೆ: ನಾಲ್ಕು ರೆಕ್ಕೆಯ ಉಪಕರಣವನ್ನು ಬೋರಿನ ತಳದ ಕೆಳಗೆ, ಕದಡದ ಮಣ್ಣಿನೊಳಕ್ಕೆ ಒತ್ತಿ ನಿಧಾನವಾಗಿ ತಿರುಗಿಸಿ, ಮಣ್ಣು ಸೀಳುವ ಕ್ಷಣದ ತಿರುಚು ಬಲವನ್ನು ಅಳೆಯುತ್ತಾರೆ, ಅನಂತರ ಅದನ್ನೇ ಹಲವು ಸುತ್ತು ಬೇಗ ತಿರುಗಿಸಿ, ಕದಡಿದ ಮಣ್ಣಿನ ಬಲವನ್ನು ಮತ್ತೊಮ್ಮೆ ಅಳೆಯುತ್ತಾರೆ. ಕಾರ್ಯದರ್ಶಿಯವರೇ, ನಿಮ್ಮ ವರದಿಯ ಕೊನೆಯ ಪುಟಗಳಲ್ಲಿ ಈ ಎರಡು ಅಂಕಿಗಳಿವೆಯೇ? ನೀರಿನಂಶ, ದ್ರವಮಿತಿ (ಮಣ್ಣು ಹರಿಯತೊಡಗುವ ನೀರಿನಂಶ), ಪ್ಲಾಸ್ಟಿಕ್ ಮಿತಿ (ಮಣ್ಣು ಬಿರಿಯದೆ ನಾದಲು ಬರುವ ಕನಿಷ್ಠ ನೀರಿನಂಶ) ಇವನ್ನೂ ತಿಳಿಸಿ.

ವಾಶಿ ಸೊಸೈಟಿ ಕಾರ್ಯದರ್ಶಿ
ಒಂದು ಬೋರಿನಲ್ಲಿ ಮಾತ್ರ ವೇನ್ ಪರೀಕ್ಷೆ ಮಾಡಿದ್ದಾರೆ. ಕದಡದ ಬಲ 12 ಕಿಲೋಪಾಸ್ಕಲ್, ಕದಡಿದ ಮೇಲೆ 4. ನೀರಿನಂಶ 72 ಶೇಕಡಾ, ದ್ರವಮಿತಿ 78, ಪ್ಲಾಸ್ಟಿಕ್ ಮಿತಿ 32.

ಠಾಣೆ ಮಣ್ಣು ಪರೀಕ್ಷೆ
ನಿಮ್ಮ ಪ್ರಶ್ನೆಯ ಮುಕ್ಕಾಲು ಉತ್ತರ ಇಷ್ಟರಲ್ಲೇ ಇದೆ. ದ್ರವಮಿತಿ 50ನ್ನು ದಾಟಿರುವುದರಿಂದ ನಮ್ಮ ವರ್ಗೀಕರಣದಲ್ಲಿ ಇದು ಅಧಿಕ ಸಂಕೋಚನದ ಜೇಡಿ. ನೆಲದಲ್ಲಿರುವಾಗಲೇ ಇದರ ನೀರಿನಂಶ ದ್ರವಮಿತಿಗೆ ತೀರ ಸಮೀಪವಿದೆ, ಅಂದರೆ ಕದಡಿದರೆ ಹೆಚ್ಚುಕಡಿಮೆ ಹರಿಯುವ ಸ್ಥಿತಿಗೆ ಬರುತ್ತದೆ. 12ಕ್ಕೆ 4 ಎಂದರೆ ಸಂವೇದನಾಂಕ 3. ಕೊರೆಯುವ ಉಪಕರಣ ಏಟು ಹಾಕಿದಷ್ಟೂ ಬೋರಿನ ಗೋಡೆ ಮೂರರಲ್ಲಿ ಎರಡು ಪಾಲು ಬಲವನ್ನು ಕಳೆದುಕೊಳ್ಳುತ್ತದೆ ಎಂದು ಇದರ ಅರ್ಥ. ಲೈನರಿನ ಜಗಳಕ್ಕೆ ಇಳಿಯುವ ಮೊದಲು ಸಮಿತಿಯ ಪ್ರತಿಯೊಬ್ಬ ಸದಸ್ಯರೂ ಈ ಅಂಕಿಗಳನ್ನು ಓದಬೇಕು.

ಘಾಟ್ಕೋಪರ್ ವಿನ್ಯಾಸಕಿ
ಠಾಣೆಯವರ ಅಂಕಿಗಳಿಂದಲೇ ಮುಂದುವರಿಸುತ್ತೇನೆ, ಲೆಕ್ಕ ಕಷ್ಟದ್ದೇನಲ್ಲ.

ಮೆತ್ತನೆಯ ಜೇಡಿಯಲ್ಲಿ ಕೊರೆದ ಬೋರಿನ ಗೋಡೆಯನ್ನು ಒಳಕ್ಕೆ ನೂಕುವುದು ಹೊರಗಿನ ಮಣ್ಣಿನ ಭಾರ, ತಡೆಯುವುದು ಒಳಗಿನ ದ್ರವದ ಒತ್ತಡ. ಇವೆರಡರ ವ್ಯತ್ಯಾಸ ಜೇಡಿಯ ಕದಡದ ಬಲದ ಸುಮಾರು 6 ಪಟ್ಟನ್ನು ದಾಟಿದರೆ ಬೋರ್ ಮುಚ್ಚಿಕೊಳ್ಳುತ್ತದೆ ಎಂಬುದು ರೂಢಿಯ ಅಂದಾಜು. ನಿಮ್ಮಲ್ಲಿ ಆ ಮಿತಿ 72 ಕಿಲೋಪಾಸ್ಕಲ್. ಭರಾವಿನ 2 ಮೀಟರೇ 36ನ್ನು ತಿಂದುಬಿಡುತ್ತದೆ. ಈ ನೀರಿನಂಶದ ಜೇಡಿಯ ತೂಕ ಘನಮೀಟರಿಗೆ ಸುಮಾರು 15.5 ಕಿಲೋನ್ಯೂಟನ್ ಆಗುವುದರಿಂದ, ಒಣ ಬೋರ್ ಕೊರೆದರೆ ಜೇಡಿಯೊಳಗೆ ಎರಡೂಕಾಲು ಮೀಟರ್ ಇಳಿಯುವಷ್ಟರಲ್ಲಿ ಗೋಡೆಗಳು ಕೂಡಿಕೊಳ್ಳಲು ಆರಂಭಿಸುತ್ತವೆ.

ಇನ್ನು ಬೆಂಟೊನೈಟ್ ತುಂಬಿದರೆ ಏನಾಗುತ್ತದೆ ನೋಡಿ. 11 ಮೀಟರ್ ಆಳದಲ್ಲಿ ಹೊರಗಿನ ಒತ್ತಡ 175.5; ನೆಲಮಟ್ಟದವರೆಗೆ ತುಂಬಿದ ಬೆಂಟೊನೈಟ್ ಒಳಗಿನಿಂದ ಕೊಡುವುದು 115.5, ಉಳಿದ ವ್ಯತ್ಯಾಸ 60. ಮಿತಿ 72 ಇರುವುದರಿಂದ ಬೋರ್ ನಿಲ್ಲುತ್ತದೆ, ಆದರೆ ತೀರ ಅಂಚಿನಲ್ಲಿ ನಿಲ್ಲುತ್ತದೆ.

ಮುಲುಂಡ್ ಖಜಾಂಚಿ
ನಿಮ್ಮ ಲೆಕ್ಕವೇ ಬೆಂಟೊನೈಟ್ ಸಾಕೆನ್ನುತ್ತಿದೆಯಲ್ಲ ಮೇಡಂ. ಮತ್ತೆ ಲೈನರಿಗೆ ಹಣ ಏಕೆ?

ಘಾಟ್ಕೋಪರ್ ವಿನ್ಯಾಸಕಿ
ಬೆಂಟೊನೈಟಿನ ಮಟ್ಟ ನೆಲದಿಂದ 2 ಮೀಟರ್ ಕೆಳಗೆ ಇಳಿಯಿತು ಎಂದುಕೊಳ್ಳಿ. ವ್ಯತ್ಯಾಸ 60ರಿಂದ 81ಕ್ಕೆ ಏರುತ್ತದೆ, 72ರ ಮಿತಿ ದಾಟುತ್ತದೆ. ಭರಾವಿನಲ್ಲಿ ಕಲ್ಲು, ಇಟ್ಟಿಗೆ ಚೂರುಗಳಿದ್ದು ಅದರೊಳಗೆ ಬೆಂಟೊನೈಟ್ ಸೋರಿಹೋದರೂ ಸಾಕು, ಊಟದ ಹೊತ್ತಿನಲ್ಲಿ ಪಂಪು ನಿಲ್ಲಿಸಿದರೂ ಸಾಕು. ಅಂಚಿನಲ್ಲಿ ನಿಂತಿರುವ ಬೋರನ್ನು 60 ಸಲವೂ ಅದೇ ಎಚ್ಚರದಲ್ಲಿ ಕಾಯುತ್ತೇನೆ ಎನ್ನುವ ಧೈರ್ಯ ನನಗಿಲ್ಲ.

ಡೊಂಬಿವಲಿ ಪೈಲಿಂಗ್
ಇದಕ್ಕೆ ಕೊರೆಯುವ ವಿಧಾನವನ್ನೂ ಸೇರಿಸಿ. ತ್ರಿಪಾದಿ ಮತ್ತು ವಿಂಚ್ ಇಟ್ಟು ಕೆಲಸ ಮಾಡುವಲ್ಲಿ ಭಾರದ ಉಪಕರಣ ಮೇಲೆ ಬರುವಾಗ ಅದರಡಿಯಲ್ಲಿ ಹೀರುವಿಕೆ ಉಂಟಾಗಿ ಗೋಡೆಯನ್ನು ಒಳಗೆ ಎಳೆಯುತ್ತದೆ. ಹೈಡ್ರಾಲಿಕ್ ರಿಗ್ಗಿನ ಬಕೆಟನ್ನು ಅವಸರದಲ್ಲಿ ಎತ್ತಿದರೂ ಅದೇ ತೊಂದರೆ. ಮೆತ್ತನೆಯ ಜೇಡಿ ಬಕೆಟಿನ ಒಳಗೂ ಹೊರಗೂ ಮೆತ್ತಿಕೊಂಡು ಇಡೀ ಬೋರಿಗೆ ಬಿರಡೆಯಾಗುತ್ತದೆ, ಅದನ್ನು ನಿಧಾನವಾಗಿ ಎತ್ತುವ ಆಪರೇಟರ್ ಸಿಕ್ಕುವುದು ಅದೃಷ್ಟ.

ಮಾಟುಂಗ ನಿವೃತ್ತ ಪ್ರಾಧ್ಯಾಪಕ
ಬೆಂಟೊನೈಟನ್ನು ಯಾವ ನೀರಿನಲ್ಲಿ ಕಲಸುತ್ತಿದ್ದಾರೆ ಎಂದು ಕಾರ್ಯದರ್ಶಿಯವರು ನಾಳೆಯೇ ವಿಚಾರಿಸಬೇಕು. ಬೆಂಟೊನೈಟ್ ಕೂಡ ಜೇಡಿಯೇ, ಸೋಡಿಯಂ ಇರುವ ಮಾಂಟ್‌ಮೊರಿಲೊನೈಟ್. ಸಿಹಿನೀರಿನಲ್ಲಿ ಅದರ ಪದರಗಳು ನೀರನ್ನು ಹೀರಿ ಉಬ್ಬಿ ಒಂದನ್ನೊಂದು ದೂರ ತಳ್ಳುವುದರಿಂದಲೇ ದ್ರಾವಣ ನೀರಿಗಿಂತ ದಪ್ಪಗಾಗಿ ತೇಲಾಡುತ್ತ ನಿಲ್ಲುತ್ತದೆ. ಸೈಟಿನ ಹೊಂಡದ ಉಪ್ಪುನೀರಿನಲ್ಲಿ ಕಲಸಿದರೆ ಅದೇ ಪದರಗಳು ಹೆಪ್ಪುಗಟ್ಟಿ ತಳ ಸೇರುತ್ತವೆ. ಆಗ ಬೋರಿನಲ್ಲಿರುವುದು ಮೇಲೆ ತೆಳುನೀರು, ಕೆಳಗೆ ಗಸಿ. ಐಎಸ್ 2911 ಹೊಸ ದ್ರಾವಣದ ಸಾಂದ್ರತೆ 1.03ರಿಂದ 1.10ರ ನಡುವೆ, ಮಾರ್ಷ್ ಕೋನಿನಲ್ಲಿ (ದ್ರಾವಣದ ಹರಿವನ್ನು ಅಳೆಯುವ ಲಾಳಿಕೆಯಲ್ಲಿ) ಹರಿಯುವ ಅವಧಿ 30ರಿಂದ 60 ಸೆಕೆಂಡ್ ಇರಬೇಕೆಂದು ಹೇಳುತ್ತದೆ. ಸಾಂದ್ರತೆಯ ಹೈಡ್ರೋಮೀಟರ್ ಮತ್ತು ಮಾರ್ಷ್ ಕೋನ್ ಎರಡೂ ಸೈಟಿನಲ್ಲಿ ಇಲ್ಲದಿದ್ದರೆ ಅಲ್ಲಿ ಬೆಂಟೊನೈಟಿನ ಕೆಲಸ ನಡೆಯುತ್ತಿಲ್ಲ, ಕೆಸರುನೀರಿನ ಕೆಲಸ ನಡೆಯುತ್ತಿದೆ.

ವಾಶಿ ಸೊಸೈಟಿ ಕಾರ್ಯದರ್ಶಿ
ಪ್ರೊಫೆಸರ್ ಸರ್, ನೀರು ಟ್ಯಾಂಕರಿನಿಂದ ಬರುತ್ತದೆ ಎಂದಿದ್ದಾರೆ, ಕೋನ್ ಇದೆಯೋ ಇಲ್ಲವೋ ವಿಚಾರಿಸುತ್ತೇನೆ. ಬಡಿದು ಇಳಿಸುವ ಪೈಲುಗಳ ಬಗ್ಗೆಯೂ ಹೇಳಿ, ಹಿರಿಯರು ಬಿಡುತ್ತಿಲ್ಲ.

ಮಾಟುಂಗ ನಿವೃತ್ತ ಪ್ರಾಧ್ಯಾಪಕ
ಬಡಿದು ಇಳಿಸುವ ಪೈಲು ತನ್ನ ಗಾತ್ರದಷ್ಟೇ ಮಣ್ಣನ್ನು ಪಕ್ಕಕ್ಕೆ ಸರಿಸಬೇಕು. ಮರಳಾದರೆ ಅದುಮಿಕೊಂಡು ಗಟ್ಟಿಯಾಗುತ್ತದೆ. ನೀರು ತುಂಬಿದ ಜೇಡಿಯ ರಂಧ್ರಗಳು ಎಷ್ಟು ಸೂಕ್ಷ್ಮವೆಂದರೆ ಬಡಿಯುವ ಹೊತ್ತಿನಲ್ಲಿ ನೀರು ಹೊರಗೆ ಹೋಗಲಾರದು. ಗಾತ್ರ ಕುಗ್ಗದ ಮಣ್ಣು ಮೇಲಕ್ಕೂ ಪಕ್ಕಕ್ಕೂ ಸರಿಯುತ್ತದೆ, ರಂಧ್ರದ ನೀರಿನ ಒತ್ತಡ ಏರುತ್ತದೆ, ಪೈಲಿನ ಸುತ್ತಲಿನ ಮಣ್ಣು ಕದಡಿ ತಾತ್ಕಾಲಿಕವಾಗಿ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಬಡಿಯುವಾಗ ಪೈಲು ಸಲೀಸಾಗಿ ಇಳಿಯುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಬಡಿದರೆ ಅಲುಗಾಡುವುದಿಲ್ಲ. ಏರಿದ ಒತ್ತಡ ಇಳಿದು ಮಣ್ಣು ಮತ್ತೆ ಪೈಲನ್ನು ಹಿಡಿದುಕೊಳ್ಳುವ ಈ ಕ್ರಿಯೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಪೈಲಿನ ವ್ಯಾಸ ಎರಡು ಪಟ್ಟಾದರೆ ಕಾಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಬಡಿಯುವಾಗಿನ ಇಳಿತವನ್ನು ನೋಡಿ ಪೈಲಿನ ಬಲ ಹೇಳುವ ಸೂತ್ರಗಳು ಜೇಡಿಯಲ್ಲಿ ನಂಬಲರ್ಹವಲ್ಲದಿರುವುದು ಇದಕ್ಕೇ.

ನಿಮ್ಮ ಜಾಗದ ಮಟ್ಟಿಗೆ ಇದಕ್ಕಿಂತ ದೊಡ್ಡ ಚಿಂತೆ ನೆರೆಮನೆಯದು. ಉಬ್ಬುವ ನೆಲ ಮೊದಲು ಇಳಿಸಿದ ಪೈಲುಗಳನ್ನು ಮೇಲೆತ್ತುತ್ತದೆ, ಪಕ್ಕದ ಹಳೆಯ ಕಟ್ಟಡದ ಪಾಯವನ್ನೂ ನೂಕುತ್ತದೆ.

ಪುಣೆ ಕೊಥ್ರೂಡ್ ಸೈಟ್ ಎಂಜಿನಿಯರ್
ಹಾಗಾದರೆ ಪ್ರತಿ ಪೈಲಿನ ಲೋಡ್ ಪರೀಕ್ಷೆಗೂ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ವಾಶಿಯವರು ಇದನ್ನು ತಮ್ಮ ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಲಿ.

ಘಾಟ್ಕೋಪರ್ ವಿನ್ಯಾಸಕಿ
ಇಲ್ಲ ಸರ್, ಆ ಮಾತು ಜೇಡಿಯ ಹಿಡಿತದ ಮೇಲೆ ನಿಂತ ಪೈಲುಗಳಿಗೆ ಸಲ್ಲುತ್ತದೆ. ವಾಶಿಯ ಪೈಲು ನಿಲ್ಲುವುದು ಕರಿಕಲ್ಲಿನೊಳಗೆ ಕೊರೆದ ಗೂಡಿನಲ್ಲಿ. ಇಲ್ಲಿ ಕಾಂಕ್ರೀಟ್ ಬಲ ಬರುವ 28 ದಿನ ಕಾದರೆ ಸಾಕು. ಜೇಡಿ ಇಲ್ಲಿ ಹೊರೆ ಹೊರುವುದಿಲ್ಲ, ತೊಂದರೆ ಮಾತ್ರ ಕೊಡುತ್ತದೆ. ಸಿದ್ಧ ಪೈಲನ್ನು ಬೇಡವೆನ್ನಲು ಕಾರಣವೂ ಇದೇ: ಓರೆಯಾದ ಕಲ್ಲಿನ ಮೇಲೆ ಅದರ ತುದಿ ಜಾರುತ್ತದೆ, ಕಲ್ಲಿನೊಳಕ್ಕೆ ಗೂಡು ಕೊರೆಯಲು ಅದರಿಂದಾಗದು.

ಪುಣೆ ಕೊಥ್ರೂಡ್ ಸೈಟ್ ಎಂಜಿನಿಯರ್
ಒಪ್ಪಿದೆ. ನಮ್ಮ ಕಡೆಯ ಎರೆಮಣ್ಣಿನ ಕಥೆ ಬೇರೆಯಾದ್ದರಿಂದ ಗೊಂದಲವಾಗದಿರಲಿ ಎಂದು ಬರೆಯುತ್ತೇನೆ. ಪುಣೆಯ ಹಲವೆಡೆ ಎರೆ ಒಂದೆರಡು ಮೀಟರಿಗೆ ಮುಗಿದು ಮೊರಂ ಸಿಗುತ್ತದೆ, ಅಗೆದು ತೆಗೆದು ಸಾಮಾನ್ಯ ಪಾಯ ಹಾಕುತ್ತೇವೆ. ಎರೆ ಆಳವಾಗಿರುವಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಅಂಡರ್‌ರೀಮ್ಡ್ ಪೈಲು ಉಪಯೋಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಮಣ್ಣು ಪೈಲಿನ ಮೇಲ್ಭಾಗವನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ, ಕೆಳಗಿನ ಗಡ್ಡೆ ಬಿಡುವುದಿಲ್ಲ. ಹೀಗಾಗಿ ಸರಳುಗಳು ಪೂರ್ತಿ ಉದ್ದಕ್ಕೂ ಇರಬೇಕು, ಆಳವಾದ ಎರೆಯಲ್ಲಿ ಪೈಲಿನ ಉದ್ದ 3.5 ಮೀಟರಿಗಿಂತ ಕಡಿಮೆ ಇರಕೂಡದು, ಪ್ಲಿಂತ್ ಬೀಮಿನ (ಗೋಡೆಗಳನ್ನು ಹೊರುವ ನೆಲಮಟ್ಟದ ತೊಲೆಯ) ಕೆಳಗೆ ಕನಿಷ್ಠ 80 ಮಿಲಿಮೀಟರ್ ಖಾಲಿ ಜಾಗ ಬಿಡಬೇಕು. ಆ ಜಾಗದಲ್ಲಿ ಕೆಲಸಗಾರರು ಮಣ್ಣು ತುಂಬಿಬಿಟ್ಟರೆ ಮುಂದಿನ ಮಳೆಗೆ ಬೀಮು ಸೀಳುತ್ತದೆ.

ಮಡಗಾಂವ್ ಕಾರವಾರಿಗ
ಗೋವಾದಲ್ಲಿ ನಮಗೆ ಎರಡು ಬಗೆಯ ಜೇಡಿಯೂ ಎದುರಾಗುತ್ತದೆ. ನದಿ ದಂಡೆಯ ಖಾಜನ ಭೂಮಿಯಲ್ಲಿ, ನಮ್ಮ ಕಾರವಾರ ಕುಮಟೆಯವರು ಗಜನಿ ಎನ್ನುವಂಥದ್ದರಲ್ಲಿ, ವಾಶಿಯಂತೆಯೇ ಚಿಪ್ಪು ಬೆರೆತ ಕಪ್ಪು ಕೆಸರು. ಗುಡ್ಡದ ಮೇಲೆ ಮುರಕಲ್ಲಿನ ಕೆಳಗೆ ಶೇಡಿ ಮಣ್ಣು. ಶೇಡಿಯನ್ನು ಒಣಗಿದ್ದಾಗ ಪರೀಕ್ಷಿಸಿದರೆ ಎನ್ ಮೌಲ್ಯ ಭರವಸೆ ಹುಟ್ಟಿಸುತ್ತದೆ, ಬೋರ್ ಗೋಡೆ ಕೊಯ್ದಿಟ್ಟಂತೆ ನೆಟ್ಟಗೆ ನಿಲ್ಲುತ್ತದೆ; ನೀರು ಸೋಕಿದರೆ ಅದೇ ಗೋಡೆ ಕರಗಿ ತಳಕ್ಕೆ ಬೀಳುತ್ತದೆ. ಸಂಜೆ ಕೊರೆದು ಮುಗಿಸಿದ ಬೋರನ್ನು ರಾತ್ರಿಯಿಡೀ ತೆರೆದಿಟ್ಟು ಬೆಳಿಗ್ಗೆ ನೇರವಾಗಿ ಕಾಂಕ್ರೀಟ್ ಹೊಯ್ಯಲು ನಾವು ಬಿಡುವುದಿಲ್ಲ. ಅದೇ ದಿನ ಹೊಯ್ಯಬೇಕು, ಇಲ್ಲವೇ ಬೆಳಿಗ್ಗೆ ಆಳವನ್ನು ಮತ್ತೆ ಅಳೆದು ತಳವನ್ನು ಪೂರ್ತಿ ತೊಳೆಯಬೇಕು. ಲೋಳೆಯ ಮೇಲೆ ಕೂತ ಪೈಲಿಗೆ ಕೆಳಗೆ ಎಂಥ ಗಟ್ಟಿ ಪದರವಿದ್ದರೂ ಪ್ರಯೋಜನವಿಲ್ಲ.

ಮುಲುಂಡ್ ಖಜಾಂಚಿ
ಲೈನರ್ ಬೇಕೇ ಬೇಕೆಂದರೆ ತಾತ್ಕಾಲಿಕ ಲೈನರ್ ಹಾಕಿ, ಕಾಂಕ್ರೀಟ್ ಹೊಯ್ದ ಮೇಲೆ ಎಳೆದು ಮುಂದಿನ ಪೈಲಿಗೆ ಬಳಸಲಿ. ಉಕ್ಕನ್ನು ನೆಲದಲ್ಲಿ ಹೂಳುವುದೇಕೆ?

ಡೊಂಬಿವಲಿ ಪೈಲಿಂಗ್
ಗಟ್ಟಿ ಜೇಡಿಯಲ್ಲಿ ಹಾಗೆಯೇ ಮಾಡುತ್ತೇವೆ. ಈ ಜೇಡಿಯಲ್ಲಿ ಎಳೆಯುವ ಹೊತ್ತಿಗೇ ಅಪಾಯವಿರುವುದು. ಲೈನರಿನೊಳಗೆ ಕಾಂಕ್ರೀಟಿನ ಮಟ್ಟ ಸಾಕಷ್ಟು ಮೇಲಿಲ್ಲದಿದ್ದರೆ, ಅಥವಾ ಟ್ರಕ್ ತಡವಾಗಿ ಕಾಂಕ್ರೀಟ್ ಬಿಗಿಯತೊಡಗಿದ್ದರೆ, ಲೈನರಿನ ಜೊತೆ ಕಾಂಕ್ರೀಟೂ ಏಳುತ್ತದೆ, ಆ ಸಂದಿಯಲ್ಲಿ ಕೆಸರು ನುಗ್ಗಿ ಪೈಲಿನ ಕುತ್ತಿಗೆ ಹಿಸುಕುತ್ತದೆ. ಮುಂಬಯಿಯ ಟ್ರಾಫಿಕ್ಕಿನಲ್ಲಿ ಟ್ರಕ್ ತಡವಾಗುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ?

ಘಾಟ್ಕೋಪರ್ ವಿನ್ಯಾಸಕಿ
ತಾತ್ಕಾಲಿಕ ಲೈನರ್ ಸರಿಯಾಗಿ ಎಳೆದರೂ ಹೊಟ್ಟೆ ಉಬ್ಬುವ ತೊಂದರೆ ಉಳಿಯುತ್ತದೆ. ಹಸಿ ಕಾಂಕ್ರೀಟಿನ ತೂಕ 24, ಜೇಡಿಯದು 15.5, ಆದ್ದರಿಂದ ಕಾಂಕ್ರೀಟ್ ಮಣ್ಣನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ನಿಮ್ಮ ಮೊದಲ ಪೈಲಿನ ಹೆಚ್ಚುವರಿ 1.26 ಘನಮೀಟರ್ ಜೇಡಿಯ 9 ಮೀಟರಿನಲ್ಲೇ ಸೇರಿದೆ ಎಂದುಕೊಂಡರೆ, ಅಲ್ಲಿನ ಸರಾಸರಿ ವ್ಯಾಸ 60 ಸೆಂಟಿಮೀಟರ್ ಬದಲು 73. ಆದರೆ ಒಟ್ಟು ಲೆಕ್ಕವನ್ನು ನಂಬಿ ಕೂರಬೇಡಿ, ಒಂದೆಡೆ 80 ಇದ್ದು ಇನ್ನೊಂದೆಡೆ 45 ಇದ್ದರೂ ಮೊತ್ತ ಹೆಚ್ಚೇ ಬರಬಹುದು. ಕಾಂಕ್ರೀಟ್ ಹೋಗುತ್ತಿರುವಂತೆ ನಡುನಡುವೆ ನಿಲ್ಲಿಸಿ, ಭಾರ ಕಟ್ಟಿದ ಟೇಪನ್ನು ಇಳಿಸಿ ಮಟ್ಟ ಎಷ್ಟು ಏರಿತೆಂದು ಅಳೆದು ಬರೆದಿಡಬೇಕು. ಒಂದು ಘನಮೀಟರಿಗೆ ಮಟ್ಟ 3.5 ಮೀಟರ್ ಏರಬೇಕು. ಅದಕ್ಕಿಂತ ತುಂಬ ಹೆಚ್ಚು ಏರಿದ ಕಡೆ ಕುತ್ತಿಗೆ ಹಿಸುಕಿದೆ. ಮೊದಲ ಪೈಲಿಗೆ ಈ ದಾಖಲೆ ಇದೆಯೇ?

ವಾಶಿ ಸೊಸೈಟಿ ಕಾರ್ಯದರ್ಶಿ
ಇಲ್ಲ ಮೇಡಂ, ಟ್ರಕ್ಕಿನ ಚಲನ್ ಮಾತ್ರ ಇದೆ.

ಘಾಟ್ಕೋಪರ್ ವಿನ್ಯಾಸಕಿ
ಹಾಗಾದರೆ ಆ ಪೈಲಿಗೆ ಮೊದಲು ಇಂಟೆಗ್ರಿಟಿ ಪರೀಕ್ಷೆ ಮಾಡಿಸಿ. ಪೈಲಿನ ತಲೆಗೆ ಚಿಕ್ಕ ಸುತ್ತಿಗೆಯಲ್ಲಿ ಬಡಿದು ಪ್ರತಿಧ್ವನಿ ಅಳೆಯುವ ಸರಳ ಪರೀಕ್ಷೆ ಅದು. ಸಂಶಯ ಉಳಿದರೆ ಅದನ್ನೇ ರೂಟೀನ್ ಲೋಡ್ ಪರೀಕ್ಷೆಗೆ ಆರಿಸಿ, ವಿನ್ಯಾಸದ ಹೊರೆಯ ಒಂದೂವರೆ ಪಟ್ಟು ಹೇರಲಿ.

ಠಾಣೆ ಮಣ್ಣು ಪರೀಕ್ಷೆ
ಯಾರೂ ಎತ್ತದ ಒಂದು ವಿಷಯವಿದೆ. ಆ 2 ಮೀಟರ್ ಭರಾವು ಹಳೆಯದೋ, ಹೊಸದಾಗಿ ಹಾಕಿದ್ದೋ? ಹೊಸ ಭರಾವಾದರೆ ಅದರ ಭಾರಕ್ಕೆ ಜೇಡಿಯ ನೀರು ನಿಧಾನವಾಗಿ ಹೊರಬರುತ್ತ ನೆಲ ವರ್ಷಗಟ್ಟಲೆ ಕುಸಿಯುತ್ತದೆ. ಕಲ್ಲಿನ ಮೇಲೆ ನಿಂತ ಪೈಲು ಕುಸಿಯುವುದಿಲ್ಲ, ಹಾಗಾಗಿ ಕುಸಿಯುವ ಜೇಡಿ ಪೈಲಿಗೆ ಜೋತುಬೀಳುತ್ತದೆ. 9 ಮೀಟರ್, 12 ಕಿಲೋಪಾಸ್ಕಲ್, ಪೈಲಿನ ಸುತ್ತಳತೆ 1.885 ಮೀಟರ್: ಗುಣಿಸಿದರೆ ಪ್ರತಿ ಪೈಲಿಗೆ ಸುಮಾರು 20 ಟನ್ ಹೆಚ್ಚುವರಿ ಹೊರೆ. ಹೊಟ್ಟೆ ಉಬ್ಬಿದ ಪೈಲಿಗೆ ಇನ್ನೂ ಹೆಚ್ಚು. ನುಣುಪಾದ ಉಕ್ಕಿನ ಲೈನರಿನ ಹೊರಮೈಗೆ ಡಾಂಬರು ಬಳಿದರೆ ಈ ಎಳೆತ ಬಹಳಷ್ಟು ತಗ್ಗುತ್ತದೆ. ಲೈನರಿನ ಪರವಾಗಿ ನಾನು ಹೇಳುವ ಗಟ್ಟಿ ಕಾರಣ ಇದು.

ವಾಶಿ ಸೊಸೈಟಿ ಕಾರ್ಯದರ್ಶಿ
ಹಳೆಯ ನೆಲ ತಗ್ಗಿನಲ್ಲಿತ್ತು, ಮಳೆನೀರು ನುಗ್ಗುತ್ತಿತ್ತು ಎಂದು ಈಗಷ್ಟೇ ಒಂದು ಮೀಟರಿನಷ್ಟು ಹೊಸದಾಗಿ ಏರಿಸಿದ್ದಾರೆ.

ಠಾಣೆ ಮಣ್ಣು ಪರೀಕ್ಷೆ
ಹಾಗಿದ್ದರೆ ನಿಮ್ಮ ವಿನ್ಯಾಸಕಾರರು ಆ 20 ಟನ್ನನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ.

ಮುಲುಂಡ್ ಖಜಾಂಚಿ
ಸರಿ, ಲೈನರ್ ಬೇಕೆಂಬುದನ್ನು ಒಪ್ಪುತ್ತೇನೆ. ಪೂರ್ತಿ 15 ಮೀಟರ್ ಏಕೆ ಎಂಬುದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ಘಾಟ್ಕೋಪರ್ ವಿನ್ಯಾಸಕಿ
ಇದು ನ್ಯಾಯವಾದ ಪ್ರಶ್ನೆ. ಜೇಡಿ 11 ಮೀಟರಿಗೆ ಮುಗಿಯುತ್ತದೆ. ಲೈನರನ್ನು ಮೊರಂನಲ್ಲಿ ಒಂದು ಮೀಟರ್ ಊರಿ, ಕೆಸರು ಒಳನುಗ್ಗುವ ಸಂದಿ ಮುಚ್ಚಿದರೆ 12 ಮೀಟರ್ ಸಾಕು. ಅದರ ಕೆಳಗೆ ಇಳಿಸಬೇಕಾಗಿಲ್ಲ, ಇಳಿಸಲೂಬಾರದು, ಏಕೆಂದರೆ ಕಲ್ಲಿನ ಗೂಡಿನಲ್ಲಿ ಕಾಂಕ್ರೀಟ್ ಕಲ್ಲಿನ ಒರಟು ಮೈಗೆ ಕಚ್ಚಿಕೊಂಡರೇನೇ ಪಕ್ಕದ ಹಿಡಿತ ಸಿಗುವುದು. ಈ ಅಳತೆಯ ಲೈನರ್ ಮೀಟರಿಗೆ ಸುಮಾರು 90 ಕಿಲೋ ತೂಗುತ್ತದೆ. ಪೈಲಿಗೆ 3 ಮೀಟರ್ ಕಡಿಮೆ ಮಾಡಿದರೆ 60 ಪೈಲುಗಳಿಗೆ 16 ಟನ್ ಉಕ್ಕು ಉಳಿಯುತ್ತದೆ.

ಡೊಂಬಿವಲಿ ಪೈಲಿಂಗ್
12 ಮೀಟರ್ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಟ್ಟು ಗುತ್ತಿಗೆಯಾಗಿ ಕೊಡಬೇಡಿ, ಇಳಿಸಿದ ಮೀಟರ್ ಅಳೆದು ಹಣ ಕೊಡಿ. ಜೇಡಿಯ ತಳ ಎಲ್ಲೆಡೆ 11 ಮೀಟರಿನಲ್ಲೇ ಇರುವುದಿಲ್ಲ.

ಮಾಟುಂಗ ನಿವೃತ್ತ ಪ್ರಾಧ್ಯಾಪಕ
ಪೈಲು ಮುಗಿದ ಮೇಲಿನ ಎಚ್ಚರವನ್ನೂ ಹೇಳಿಬಿಡುತ್ತೇನೆ. ಪೈಲ್ ಕ್ಯಾಪಿಗಾಗಿ (ಪೈಲುಗಳ ತಲೆಯ ಮೇಲೆ ಹೊಯ್ಯುವ ಕಾಂಕ್ರೀಟ್ ದಿಂಡಿಗಾಗಿ) ಅಗೆದ ಮಣ್ಣನ್ನು ಹೊಂಡದ ಪಕ್ಕದಲ್ಲೇ ರಾಶಿ ಹಾಕಲು ಬಿಡಬೇಡಿ. ಒಂದು ಕಡೆ ಹೊಂಡ, ಇನ್ನೊಂದು ಕಡೆ ರಾಶಿ ಇದ್ದರೆ ಮೆತ್ತನೆಯ ಜೇಡಿ ರಾಶಿಯ ಕಡೆಯಿಂದ ಹೊಂಡದ ಕಡೆಗೆ ಹರಿಯುತ್ತದೆ, ದಾರಿಯಲ್ಲಿರುವ ಪೈಲುಗಳನ್ನು ಬಾಗಿಸುತ್ತದೆ. 2009ರ ಜೂನ್ 27ರಂದು ಶಾಂಘೈನಲ್ಲಿ 13 ಅಂತಸ್ತಿನ ಕಟ್ಟಡವೊಂದು ಇದೇ ಕಾರಣದಿಂದ ಪೈಲುಗಳು ಮುರಿದು ಇಡಿಯಾಗಿ ಮಗುಚಿಬಿತ್ತು. ಒಂದು ಪಕ್ಕದಲ್ಲಿ ನೆಲಮಾಳಿಗೆಗೆ ಅಗೆಯುತ್ತಿದ್ದರು, ಇನ್ನೊಂದು ಪಕ್ಕದಲ್ಲಿ ಸುಮಾರು 10 ಮೀಟರ್ ಎತ್ತರಕ್ಕೆ ಮಣ್ಣು ಪೇರಿಸಿದ್ದರು. ಅಗೆದ ಮಣ್ಣು ಅದೇ ದಿನ ಸೈಟಿನಿಂದ ಹೊರಗೆ ಹೋಗಲಿ.

ವಾಶಿ ಸೊಸೈಟಿ ಕಾರ್ಯದರ್ಶಿ
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಭಾನುವಾರದ ಸಭೆಯಲ್ಲಿ 12 ಮೀಟರ್ ಲೈನರ್, ಮೀಟರ್ ಲೆಕ್ಕದ ಹಣ, ಡಾಂಬರು ಲೇಪ, ಮೊದಲ ಪೈಲಿನ ಪರೀಕ್ಷೆ ಇಷ್ಟನ್ನು ಮಂಡಿಸುತ್ತೇನೆ. ಇನ್ನೊಂದು ಬೋರ್ ಹಾಕಿಸಿ ವೇನ್ ಪರೀಕ್ಷೆ ಮಾಡಿಸಲು ಅಧ್ಯಕ್ಷರು ಒಪ್ಪಿದ್ದಾರೆ. ಅದನ್ನು ಎಲ್ಲಿ ಹಾಕಿಸಲಿ?

ಠಾಣೆ ಮಣ್ಣು ಪರೀಕ್ಷೆ
ಖಾಡಿಯ ಕಡೆಯ ಮೂಲೆಯಲ್ಲಿ ಹಾಕಿಸಿ, ಜೇಡಿ ಅಲ್ಲಿ ಹೆಚ್ಚು ಆಳಕ್ಕೆ ಹೋಗಿರುವ ಸಂಭವವಿದೆ. ಪ್ರತಿ ಒಂದೂವರೆ ಮೀಟರಿಗೆ ವೇನ್ ಪರೀಕ್ಷೆ, ಕದಡಿದ ಬಲವೂ ಸೇರಿ, ಎಂದು ಕಾರ್ಯಾದೇಶದಲ್ಲೇ ಬರೆಯಿರಿ. ತೆಳುಗೋಡೆಯ ಕೊಳವೆಯಲ್ಲಿ ತೆಗೆದ ಮಾದರಿಗಳ ಎರಡೂ ತುದಿಗೆ ಮೇಣ ಹಾಕಿ, ಅಲುಗಾಡದಂತೆ ಪ್ರಯೋಗಾಲಯಕ್ಕೆ ಕಳುಹಿಸಲಿ. ಅಲ್ಲಿ 12ರ ಬದಲು 8 ಬಂದರೆ ಘಾಟ್ಕೋಪರಿನ ಮೇಡಂ ಹಾಕಿಕೊಟ್ಟ ಮಿತಿ 48ಕ್ಕೆ ಇಳಿಯುತ್ತದೆ. ಆಗ ಲೈನರ್ ಕೂರುವ ಮೊದಲು ಆ ಮೂಲೆಯಲ್ಲಿ ಕೊರೆಯಲು ಬಿಡಬೇಡಿ.